ಬಿದ್ದ ಹರಳು

ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಾದ ಭಾವನವರಿಗೆ, ಮಗಳು ಪುಟ್ಟಿಗೆ, ವೇದಿಕೆಯ ಮೇಲಿರುವ ನಮ್ಮ ಸಂಸ್ಥೆಯ ನಿರ್ದೇಶಕರಿಗೆ, ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತೇ ಇದ್ದೀರಲ್ಲ — ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಬೈದು ಕೂರಿಸಿರುತ್ತಿದ್ದರು.

ನನಗೆ ಮಾತಾಡಿ ಅಭ್ಯಾಸ ಇಲ್ಲ. ನನ್ನದು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ. ಇಪ್ಪತ್ತನಾಲ್ಕು ವರ್ಷದಿಂದ ನಾನು ಆ ಮೂಲೆ ಕೋಣೆಯಲ್ಲಿ ಹರಳು ಕೂರಿಸುತ್ತೇನೆ. ಕಲ್ಲು ಒಡೆದು, ಪುಡಿ ಮಾಡಿ, ಅದರೊಳಗಿಂದ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಒಂದು ಹರಳನ್ನು ಆರಿಸಿ, ಗಾಜಿನ ಎಳೆಯ ತುದಿಗೆ ಅಂಟಿಸಿ, ಎಕ್ಸ್-ರೇ ಯಂತ್ರದ ಮುಂದೆ ಇಡುವುದು. ಅಷ್ಟೇ. ಚಿಮುಟ ಹಿಡಿದರೆ ಹರಳು ಪುಡಿಯಾಗುತ್ತದೆ. ಅದಕ್ಕೇ ಒಂದು ಕಡ್ಡಿಯ ತುದಿಗೆ ಕಣ್ಣಿನ ರೆಪ್ಪೆಗೂದಲು ಅಂಟಿಸಿಕೊಂಡು, ಅದರಲ್ಲಿ ಎತ್ತುತ್ತೇವೆ — ಹೀಗೆ. ನಾನು ಸೇರಿದ ಮೊದಲ ದಿನ ಅಕ್ಕ ತಮ್ಮ ರೆಪ್ಪೆಯಿಂದಲೇ ಒಂದು ಕೂದಲು ಕಿತ್ತು ನನ್ನ ಕೈಗೆ ಕೊಟ್ಟರು. "ತಗೋ. ಇದು ಹಾಳಾದ್ರೆ ನಿನ್ನದು ಕೀಳ್ತೀನಿ" ಅಂದರು. ಅವತ್ತಿನಿಂದ ನನ್ನ ಹೆಸರೇ ರೆಪ್ಪೆ ಅಂತ ಆಯಿತು. ನನ್ನ ನಿಜವಾದ ಹೆಸರು ಸಂಬಳದ ಕಚೇರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅವರನ್ನೂ ಯಾರೂ ಹೆಸರು ಹಿಡಿದು ಕರೆದವರಲ್ಲ. ಹರಳಕ್ಕ. ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರವರೆಗೆ — ಹರಳಕ್ಕ. ಅವರು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಒಂದು ಹಾಳೆಯಲ್ಲಿ ಬರೆದುಕೊಂಡೂ ಬಂದಿದ್ದೆ. ಇದೋ, ಜೇಬಿನಲ್ಲಿದೆ. ಇದನ್ನು ಓದುವುದಿಲ್ಲ. ಯಾಕೆ ಅಂದರೆ, ಸ್ವಲ್ಪ ಹೊತ್ತಿನ ಹಿಂದೆ ನಿರ್ದೇಶಕರು ಬಹಳ ಗೌರವದಿಂದ ಮಾತಾಡಿದರು. ಮಾತಾಡುತ್ತಾ, "ಆ ಒಂದು ಕಪ್ಪುಚುಕ್ಕೆಯನ್ನು ಬಿಟ್ಟರೆ ಅವರ ವೃತ್ತಿಜೀವನ ನಿಷ್ಕಳಂಕ" ಅಂದರು. ತಪ್ಪು ತಿಳಿಯಬೇಡಿ ಸರ್. ನೀವು ಸುಳ್ಳು ಹೇಳಲಿಲ್ಲ, ಕಡತದಲ್ಲಿ ಇರುವುದನ್ನೇ ಹೇಳಿದಿರಿ. ಆದರೆ ಆ ಚುಕ್ಕೆ ಅವರದಲ್ಲ. ನನ್ನದು.

ಸ್ವಲ್ಪ ನೀರು ಕೊಡಿ.

ಹೊರಗಿನಿಂದ ಬಂದವರಿಗೆ ಅಕ್ಕ ಏನು ಮಾಡುತ್ತಿದ್ದರು ಅಂತ ಮೊದಲು ಹೇಳಬೇಕು. ಆರ್ಸೆನಿಕ್ ಅಂದರೆ ನಮಗೆಲ್ಲ ವಿಷ. ಕಲ್ಲಿನೊಳಗೆ ಅದು ನಾಲ್ಕು ಆಮ್ಲಜನಕವನ್ನು ಸುತ್ತ ಕಟ್ಟಿಕೊಂಡು ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೆ ಆರ್ಸೆನೇಟ್ ಅನ್ನುತ್ತಾರೆ. ಅದರ ಜೊತೆ ಮನೆ ಮಾಡುವವರು ವಿರಳ ಭೂಧಾತುಗಳು — ಒಬ್ಬರಿಗಿಂತ ಒಬ್ಬರು ಕೂದಲೆಳೆಯಷ್ಟು ಚಿಕ್ಕವರಾಗುತ್ತಾ ಹೋಗುವ ಹದಿನೈದು ಜನ ಅಣ್ಣತಮ್ಮಂದಿರು. ದೊಡ್ಡವರು ಬಂದರೆ ಅವರ ಸುತ್ತ ಒಂಬತ್ತು ಆಮ್ಲಜನಕ ಬೇಕು. ಚಿಕ್ಕವರಿಗೆ ಎಂಟು ಸಾಕು. ಆ ಒಂದೇ ಒಂದರ ವ್ಯತ್ಯಾಸಕ್ಕೆ ಇಡೀ ಹರಳಿನ ನಕ್ಷೆಯೇ ಬೇರೆಯಾಗುತ್ತದೆ. ಹಾಗಾದರೆ ನಡುವಿನವರು? ದೊಡ್ಡವರೂ ಅಲ್ಲ, ಚಿಕ್ಕವರೂ ಅಲ್ಲ, ಅವರು ಯಾವ ಮನೆಗೆ ಹೋಗುತ್ತಾರೆ? ಅಕ್ಕ ಮೂವತ್ತು ವರ್ಷ ಕೂತದ್ದು ಆ ಒಂದು ಗಡಿಯ ಮೇಲೆ. "ರೆಪ್ಪೆ, ತುದಿಯಲ್ಲಿರೋರಿಗೆ ಏನ್ ಕಷ್ಟ ಹೇಳು? ನಡುವಿನೋರ ಪಾಡು ನೋಡು" ಅನ್ನುತ್ತಿದ್ದರು.

ಅವರ ಅಪ್ಪ ಗಣಿಯಲ್ಲಿ ಬಂಡೆಗೆ ರಂಧ್ರ ಕೊರೆಯುತ್ತಿದ್ದವರು. ಗಣಿ ಮುಚ್ಚಿದ ದಿನ ನೆನಪಿಗೆ ಅಂತ ಒಂದು ಕಲ್ಲು ತಂದು ಕಿಟಕಿಯಲ್ಲಿ ಇಟ್ಟಿದ್ದರು. ಮುಷ್ಟಿಯಷ್ಟು ದೊಡ್ಡದು. ಮನೆಯವರು ಅದನ್ನು ಕಿಟಕಿ ಬಡಿಯದ ಹಾಗೆ ಒತ್ತಿಗೆ ಇಡುತ್ತಿದ್ದರು. ಒಂದು ದಿನ ಅಕ್ಕ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಒಂದು ಮೂಲೆ ಕತ್ತರಿಸಿ, ಉಜ್ಜಿ ನೋಡಿದರೆ — ನಿಯೋಡಿಮಿಯಂ ಹೆಚ್ಚಿರುವ ಆರ್ಸೆನೇಟ್! ಅದೇ ಗಡಿಯ ಅಂಚಿನವನು. ಅಂಥದ್ದೊಂದು ಖನಿಜವನ್ನು ಯಾರೂ ಅದುವರೆಗೆ ವರದಿ ಮಾಡಿರಲಿಲ್ಲ. ಅಕ್ಕ ಕುರ್ಚಿಯಿಂದ ಎದ್ದು, ಕೋಣೆಯಲ್ಲಿ ಎರಡು ಸುತ್ತು ಹಾಕಿ, ಮತ್ತೆ ಕೂತರು. ಅಷ್ಟೇ ಅವರ ಸಂಭ್ರಮ. ಖನಿಜಕ್ಕೆ ಅಪ್ಪನ ಹೆಸರಿಡಬೇಕು ಅಂತ ಅವತ್ತೇ ತೀರ್ಮಾನಿಸಿದರು.

ಆದರೆ ಹೊಸ ಖನಿಜ ಅಂತ ಒಪ್ಪಬೇಕಾದರೆ ಒಂದು ಇಡೀ ಹರಳು ಬೇಕು. ಅದರ ಮನೆ ಒಂಬತ್ತರದೋ ಎಂಟರದೋ ಅಂತ ಎಕ್ಸ್-ರೇಯಲ್ಲಿ ಅಳೆಯಬೇಕು. ಕಲ್ಲನ್ನು ಪೂರ್ತಿ ಒಡೆದು ಮೂರು ವಾರ ಹುಡುಕಿದೆವು. ಸಿಕ್ಕಿದ್ದು ಒಂದು. ಕಿಟಕಿ ಬೆಳಕಿನಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟಿನಲ್ಲಿ ನೀಲಿ. ಒಂದೇ ಒಂದು.

ಅಕ್ಕನ ಕೋಣೆಯಲ್ಲಿ ಒಂದು ನಿಯಮ ಇತ್ತು. ಅಲ್ಲಿ ಕಲಿತವರು ಹತ್ತಾರು ಜನ ಇಲ್ಲೇ ಕೂತಿದ್ದೀರಿ, ನಿಮಗೆಲ್ಲ ಗೊತ್ತು — ಬಿದ್ದ ಹರಳು ಬಿದ್ದು ಹೋಯಿತು. ರೆಪ್ಪೆಯಿಂದ ಜಾರಿ ಮೇಜಿನ ಮೇಲೆ ಬಿತ್ತಾ? ಮುಗಿಯಿತು. ಕಣ್ಣೆದುರಿಗೇ ಹೊಳೆಯುತ್ತಿದ್ದರೂ ಅದನ್ನು ಎತ್ತಿ ಕೂರಿಸುವ ಹಾಗಿಲ್ಲ. ಯಾಕೆ ಅಂದರೆ ಆ ಮೇಜಿನ ಮೇಲೆ ನಿನ್ನೆಯದು ಇರಬಹುದು, ಮೊನ್ನೆಯದು ಇರಬಹುದು. ಬಿದ್ದದ್ದು ಇದೇ ಅಂತ ಆಣೆ ಮಾಡಲು ಯಾರಿಂದಲೂ ಆಗುವುದಿಲ್ಲ. ಹರಳು ಎತ್ತುವಾಗ ಫ್ಯಾನ್ ಆರಿಸಬೇಕು, ಬಾಗಿಲು ಹಾಕಬೇಕು, ಕೋಣೆಯಲ್ಲಿ ಇದ್ದವರೆಲ್ಲ ಉಸಿರು ಹಿಡಿಯಬೇಕು. ಅಕ್ಕ "ಹಿಡಿ" ಅನ್ನೋರು. ಹರಳು ಎಳೆಯ ಮೇಲೆ ಕೂತ ಮೇಲೆ "ಹೂಂ, ಬಿಡು" ಅನ್ನೋರು. ಆಗ ಎಲ್ಲರೂ ಒಟ್ಟಿಗೆ ಉಸಿರು ಬಿಡೋದು.

ಆ ಒಂದೇ ಹರಳನ್ನು ಕೂರಿಸಬೇಕಿದ್ದ ದಿನ ಅಕ್ಕ ಕೋಣೆಯಲ್ಲಿ ಇರಲಿಲ್ಲ. ಯಾವುದೋ ಸಭೆ. ಬರುವವರೆಗೆ ಕಾಯಬಹುದಿತ್ತು. ಬಂದ ತಕ್ಷಣ "ಅಕ್ಕ, ಆಯ್ತು" ಅನ್ನಬೇಕು ಅಂತ ನನಗೆ ಆಸೆ. ಎತ್ತಿದೆ. ಯಾರೋ ಬಾಗಿಲು ತೆಗೆದರು. ಯಾರು ಅಂತ ಹೇಳುವುದಿಲ್ಲ, ಚಹಾ ತಂದವರು, ಪಾಪ, ಅವರ ತಪ್ಪಲ್ಲ. ಒಂದು ಚೂರು ಗಾಳಿ ಬಂತು. ರೆಪ್ಪೆಯ ತುದಿ ಖಾಲಿ.

ನಾಲ್ಕು ಗಂಟೆ ಹುಡುಕಿದೆ. ಮೇಜಿನ ಮೇಲೆ ಹಾಸಿದ ಕಪ್ಪು ಕಾಗದವನ್ನು ಒಂದೊಂದು ಬೆರಳಷ್ಟು ಅಗಲ ಟಾರ್ಚು ಹಾಕಿ ನೋಡಿದೆ. ಸಿಕ್ಕಿತು! ಅದೇ ಬಣ್ಣ, ಅದೇ ಗಾತ್ರ. ಎಷ್ಟು ಖುಷಿಯಾಯಿತು ಅಂದರೆ, ನಿಯಮ ಗಿಯಮ ಎಲ್ಲ ಮರೆತುಹೋಯಿತು. ಅಲ್ಲ, ಸುಳ್ಳು ಹೇಳಬಾರದು. ಮರೆಯಲಿಲ್ಲ. ನೆನಪಿತ್ತು. ನೆನಪಿದ್ದೂ ಕೂರಿಸಿದೆ. ಬಿದ್ದಿತ್ತು ಅಂತ ಯಾರಿಗೂ ಹೇಳಲಿಲ್ಲ.

ಅವತ್ತು ಬೆಳಿಗ್ಗೆ ಅದೇ ಮೇಜಿನ ಮೇಲೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ಹೋಲಿಸಿ ನೋಡಲಿಕ್ಕೆ ಅಂತ, ಆ ಕಲ್ಲಿನಲ್ಲಿ ಇರುವ ಧಾತುಗಳನ್ನೇ ಅದೇ ಪ್ರಮಾಣದಲ್ಲಿ ಬೆರೆಸಿ, ನಮ್ಮ ಕುಲುಮೆಯಲ್ಲಿ ನಾವೇ ಹರಳು ಬೆಳೆಸಿದ್ದೆವು. ಅವನ್ನು ಒಡೆದು ಆರಿಸಿದ್ದೆ. ನಾನು ಕಪ್ಪು ಕಾಗದದ ಮೇಲಿಂದ ಎತ್ತಿದ್ದು ಅಪ್ಪನ ಕಲ್ಲಿನ ಹರಳಲ್ಲ. ನಮ್ಮ ಕುಲುಮೆಯ ಹರಳು. ಆಗ ಅದು ನನಗೆ ಗೊತ್ತಾಗಲಿಲ್ಲ.

ಅಳತೆ ಅಷ್ಟು ಚೆನ್ನಾಗಿ ಬಂತು, ಕೇಳಬೇಡಿ. ಒಂಬತ್ತರ ಮನೆ. ಒಂದು ಚೂರು ವಕ್ರ ಇಲ್ಲ. ಅದರಲ್ಲಿ ಸ್ವಲ್ಪ ಸೀಸ ಕಂಡಿತು. ತೋರಿಯಂ, ಯುರೇನಿಯಂ ಇರುವ ಹಳೆಯ ಹರಳಿನಲ್ಲಿ ಅವು ಕರಗುತ್ತಾ ಕರಗುತ್ತಾ ಸೀಸವಾಗುತ್ತವೆ. ಹಾಗಾಗಿ ನಮ್ಮ ಕಸುಬಿನವರಿಗೆ ಸೀಸ ಕಂಡರೆ ವಯಸ್ಸು ಕಂಡ ಹಾಗೆ. ಬಹಳ ಹಳೆಯ ಹರಳು ಅಂತ ಬರೆದೆವು. ಪರಿಶೀಲಿಸಿದ ದೊಡ್ಡವರೆಲ್ಲ ಹೂಂಗುಟ್ಟಿದರು. ಪ್ರಬಂಧ ಅಚ್ಚಾಯಿತು, ಖನಿಜಕ್ಕೆ ಅಪ್ಪನ ಹೆಸರು ಬಂತು. ಎಂಬತ್ತು ದಾಟಿದ ಅಪ್ಪ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು. ಅದರಲ್ಲಿ ಅವರಿಗೆ ಓದಲು ಬಂದದ್ದು ಒಂದೇ ಪದ, ತಮ್ಮ ಹೆಸರು. ಹಾಲು ಹಾಕುವವನು ಬಂದರೂ ಕರೆದು ತೋರಿಸೋರು.

ಒಂದೂವರೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅಕ್ಕ ಕರೆದರು. ದನಿ ಜೋರಿರಲಿಲ್ಲ. ಅದೇ ನನಗೆ ಭಯ.

"ರೆಪ್ಪೆ, ಬಾ ಇಲ್ಲಿ. ಈ ಹರಳಿನ ವಯಸ್ಸು ಲೆಕ್ಕ ಹಾಕೋಣ ಅಂತ ಕೂತೆ. ಸೀಸ ಇದೆ. ತೋರಿಯಂ ಇಲ್ಲ. ಯುರೇನಿಯಂ ಇಲ್ಲ. ಹೆತ್ತೋರೇ ಇಲ್ದೆ ಈ ಸೀಸ ಎಲ್ಲಿಂದ ಬಂತು?"

ಕುಲುಮೆಯಲ್ಲಿ ನಾವು ಹರಳು ಬೆಳೆಸುವುದು ಕರಗಿಸಿದ ಸೀಸದ ಉಪ್ಪಿನೊಳಗೆ. ಬೆಳೆಯುವಾಗ ಒಂದಿಷ್ಟು ಸೀಸ ಹರಳಿನೊಳಗೆ ಸೇರಿಕೊಳ್ಳುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಿದ್ದಿತ್ತಾ?"

"ಬಿದ್ದಿತ್ತು ಅಕ್ಕ."

ಆಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಬೈದರೆ ಸಾಕು ಅಂತ ಕಾಯುತ್ತಿದ್ದೆ. ಬೈಯಲಿಲ್ಲ.

ಕೇಳಿ, ಅದು ಯಾರಿಗೂ ಗೊತ್ತಾಗಿರಲಿಲ್ಲ. ಇವತ್ತಿಗೂ ಗೊತ್ತಾಗುತ್ತಿರಲಿಲ್ಲವೇನೋ. ಅಕ್ಕ ಆ ಲೆಕ್ಕದ ಹಾಳೆ ಹರಿದು ಬುಟ್ಟಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಅಪ್ಪನ ಹೆಸರು ಪುಸ್ತಕದಲ್ಲಿ ಉಳಿಯುತ್ತಿತ್ತು. ಅವರು ಅವತ್ತೇ ಸಂಜೆ ಪ್ರಬಂಧ ಹಿಂತೆಗೆದುಕೊಳ್ಳುವ ಪತ್ರ ಬರೆದರು. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ಓದಿದೆ. ಅದರಲ್ಲಿ ಒಂದು ವಾಕ್ಯ — "ಹರಳನ್ನು ಆರಿಸಿ ಕೂರಿಸಿದ್ದು ನಾನೇ. ಅಜಾಗರೂಕತೆ ನನ್ನದು."

"ಅಕ್ಕ, ಇದು ಸುಳ್ಳು."

"ನಿನ್ನ ಕರಾರು ಯಾವಾಗ ಮುಗಿಯೋದು?"

"ಮುಂದಿನ ತಿಂಗಳು."

"ಹಾಗಾದ್ರೆ ಬಾಯಿ ಮುಚ್ಕೊಂಡು ಲಕೋಟೆ ಅಂಟಿಸು. ಇನ್ನೊಬ್ಬರ ಹತ್ರ ಈ ಮಾತು ಎತ್ತಿದ್ಯೋ, ನನ್ನ ಕೋಣೆಗೆ ಕಾಲಿಡಬೇಡ."

ಅಂಟಿಸಿದೆ. ನನ್ನ ಕರಾರು ಮುಂದುವರಿಯಿತು, ಮಾರನೇ ವರ್ಷ ಕೆಲಸ ಕಾಯಂ ಆಯಿತು. ಅಕ್ಕನ ಕೈಯಿಂದ ವಿಭಾಗ ಹೋಯಿತು. ಬರಬೇಕಾದ ಹೊಸ ಯಂತ್ರ ಪಕ್ಕದ ವಿಭಾಗಕ್ಕೆ ಹೋಯಿತು. ವಿದ್ಯಾರ್ಥಿಗಳು ಬರುವುದು ನಿಂತಿತು. ಅವರ ಮನಸ್ಸು ತುಂಬಾ ದೊಡ್ಡದು, ಎಲ್ಲ ಹೊಟ್ಟೆಗೆ ಹಾಕಿಕೊಂಡರು ಅಂತ ನಾನು ಹೇಳುವುದಿಲ್ಲ. ಅಕ್ಕ ದೇವತೆ ಆಗಿರಲಿಲ್ಲ. ಎರಡು ವರ್ಷ ನನ್ನ ಕೈಗೆ ಒಂದು ಹರಳು ಕೊಡಲಿಲ್ಲ. ಗಾಜು ತೊಳೆಸಿದರು. ಎದುರಿಗೆ ಕೂತು ಚಹಾ ಕುಡಿದರೂ ನನ್ನ ಕಡೆ ನೋಡುತ್ತಿರಲಿಲ್ಲ. ನನಗೂ ಒಳಗೊಳಗೇ ಸಿಟ್ಟು ಬರುತ್ತಿತ್ತು, ಇಷ್ಟು ಹಿಂಸೆ ಕೊಡುವುದಾದರೆ ಕಾಪಾಡಿದ್ದು ಯಾಕೆ ಅಂತ. ಇದನ್ನೂ ಹೇಳಿಬಿಡುತ್ತೇನೆ, ಇವತ್ತು ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ.

ಅಪ್ಪನಿಗೆ ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಭಾವನವರೇ ಕರೆದುಕೊಂಡು ಹೋದದ್ದು, ನೆನಪಿರಬೇಕು. ಅಪ್ಪ ಕಿಟಕಿ ಪಕ್ಕ ಕೂತಿದ್ದರು. ಗಣಿಯ ಧೂಳು ಕುಡಿದ ಶ್ವಾಸಕೋಶ, ಒಂದು ಮಾತಿಗೆ ಎರಡು ಸಲ ನಿಲ್ಲಬೇಕು. ಪುಟ್ಟಿಗೆ ಆಗ ಹದಿನೇಳು. ತಾತನ ಕಾಲ ಬಳಿಯೇ ಓದುತ್ತಾ ಕೂತಿದ್ದಳು.

"ಅಪ್ಪ, ಆ ಹೆಸರು ತೆಗೀತಾರೆ. ಹರಳು ಬೇರೆದಾಗಿತ್ತು. ನನ್ನ ಕೈಯಲ್ಲೇ ತಪ್ಪಾಯ್ತು" ಅಂದರು ಅಕ್ಕ.

ಅಪ್ಪ ಸ್ವಲ್ಪ ಹೊತ್ತು ಕೆಮ್ಮಿದರು. "ಹೋಗ್ಲಿ ಬಿಡವ್ವ. ಕಲ್ಲಿಗೇನ್ ಗೊತ್ತು ನನ್ನ ಹೆಸರು" ಅಂದರು. ನಕ್ಕರು ಕೂಡ. ಪುಟ್ಟಿ ಎದ್ದು ಒಳಗೆ ಹೋದಳು. ಮುಂದಿನ ಸಲ ನಾವು ಹೋದಾಗ ಗೋಡೆಯ ಮೇಲೆ ಆ ಕಟ್ಟು ಇರಲಿಲ್ಲ, ಮೊಳೆ ಮಾತ್ರ ಇತ್ತು. ಅದಾಗಿ ಐದು ತಿಂಗಳಿಗೆ ಅಪ್ಪ ತೀರಿಕೊಂಡರು.

ನಾನು ಅವತ್ತು ಆ ಬಾಗಿಲ ಪಕ್ಕ ನಿಂತಿದ್ದೆ. ನನ್ನ ಕೈಯಲ್ಲಿ ತಪ್ಪಾದದ್ದು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಹೋದ ತಿಂಗಳು ಆಸ್ಪತ್ರೆಯಲ್ಲಿ, ಅಕ್ಕನಿಗೆ ಎಚ್ಚರ ತಪ್ಪಿದ ಮಾರನೇ ದಿನ, ಹೊರಗಿನ ಬೆಂಚಿನ ಮೇಲೆ ಪುಟ್ಟಿ ನನ್ನ ಪಕ್ಕ ಕೂತಿದ್ದಳು. ಅವಳು ಕನ್ನಡಕದ ಅಂಗಡಿ ಇಟ್ಟಿದ್ದಾಳೆ, ಅಳತೆಯ ಕೆಲಸ ಅವಳದೂ. "ಮಾಮ, ಒಂದು ಕೇಳ್ಲಾ? ಅಮ್ಮ ಎಲ್ಲದಕ್ಕೂ ಅಷ್ಟು ಕಟ್ಟುನಿಟ್ಟು. ತಾತನ ಕಲ್ಲಿನ ವಿಷಯದಲ್ಲಿ ಮಾತ್ರ ಹೇಗೆ ಅಷ್ಟು ಅಸಡ್ಡೆ ಮಾಡಿದ್ಳು? ಹನ್ನೊಂದು ವರ್ಷ ಆಯ್ತು, ನಾನು ಅವಳ ಹತ್ರ ಸರಿಯಾಗಿ ಮಾತಾಡಿಲ್ಲ" ಅಂದಳು.

ನಾನು ಏನಂದೆ ಗೊತ್ತಾ? "ಎಲ್ಲಾ ಸರಿ ಹೋಗುತ್ತೆ ಪುಟ್ಟಿ" ಅಂದೆ. ಅಕ್ಕ ಒಳಗೆ ಇನ್ನೂ ಬದುಕಿದ್ದರು. ಅಷ್ಟು ದಿನ ಇತ್ತು ನನಗೆ. ಹೇಳಲಿಲ್ಲ. ಅವರು ಕಣ್ಣು ಬಿಡಲೇ ಇಲ್ಲ.

ಪುಟ್ಟಿ, ಅವತ್ತು ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಹೇಳುತ್ತಿದ್ದೇನೆ, ಎಲ್ಲರ ಎದುರಿಗೆ. ನಿನ್ನ ಅಮ್ಮ ಅಸಡ್ಡೆ ಮಾಡಲಿಲ್ಲ. ಆ ಹರಳನ್ನು ಮುಟ್ಟಲೂ ಇಲ್ಲ. ಕೆಡಿಸಿದವನು ನಾನು. ಬಾಯಿ ಬಿಡಬೇಡ ಅಂತ ಅಕ್ಕ ಹೇಳಿದ್ದರು, ಆ ಮಾತು ಮುರಿಯುತ್ತಿದ್ದೇನೆ. ಅವರ ಜೀವಮಾನದ ಬರಹದಲ್ಲಿ ಒಂದೇ ಒಂದು ಸುಳ್ಳು ವಾಕ್ಯ ಇದೆ, ಅದು ನನಗಾಗಿ ಬರೆದದ್ದು. ಅದನ್ನು ತಿದ್ದಬೇಕು ಅಂತ ಇವತ್ತು ಬೆಳಿಗ್ಗೆ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯವರಿಗೆ ಪತ್ರ ಹಾಕಿ ಇಲ್ಲಿಗೆ ಬಂದೆ. ನಿರ್ದೇಶಕರ ಮೇಜಿನ ಮೇಲೂ ಒಂದು ಪ್ರತಿ ಇದೆ. ಏನು ಕ್ರಮ ತೆಗೆದುಕೊಳ್ಳಬೇಕೋ ತೆಗೆದುಕೊಳ್ಳಿ ಸರ್.

ಇನ್ನೊಂದು ಇದೆ. ಬೇಗ ಹೇಳಿಬಿಡುತ್ತೇನೆ.

ನಮ್ಮ ಕೋಣೆ ಗುಡಿಸುವ ಅಮ್ಮ ಯಾವಾಗಲೂ ತಮಾಷೆ ಮಾಡೋರು — "ಶನಿವಾರ ಬಂದ್ರೆ ಹರಳಕ್ಕ ನನ್ನ ಪೊರಕೆ ಕಿತ್ಕೋತಾರೆ, ನನಗೆ ಅರ್ಧ ದಿನ ರಜ" ಅಂತ. ನಾವೂ ನಗುತ್ತಿದ್ದೆವು, ಅಕ್ಕನಿಗೆ ಸ್ವಚ್ಛತೆಯ ಹುಚ್ಚು ಅಂತ. ಹೋದ ವಾರ ಅವರ ಕಪಾಟು ಖಾಲಿ ಮಾಡಲು ನನಗೇ ಹೇಳಿದರು. ಕೆಳಗಿನ ಖಾನೆ ಎಳೆದೆ. ಕಾಗದದ ಪೊಟ್ಟಣಗಳು, ಔಷಧಿ ಪುಡಿ ಕಟ್ಟಿದ ಹಾಗೆ ಸಣ್ಣ ಸಣ್ಣವು. ಒಂದೊಂದರ ಮೇಲೂ ತಾರೀಖು. ಎಲ್ಲ ಶನಿವಾರಗಳೇ. ಬಿಚ್ಚಿ ನೋಡಿದರೆ — ಧೂಳು. ನಮ್ಮ ಕೋಣೆಯ ನೆಲದ ಧೂಳು. ಹಾಸುಗಲ್ಲಿನ ಸಂದಿಯಿಂದ ಸೂಜಿಯಲ್ಲಿ ಕೆರೆದು ತೆಗೆದದ್ದು. ಸೂಕ್ಷ್ಮದರ್ಶಕದ ಕೆಳಗೆ ನೋಡಿ ಮುಗಿಸಿದ್ದಕ್ಕೆ ಒಂದು ಗೀಟು ಹಾಕಿದ್ದಾರೆ.

ಹನ್ನೊಂದು ವರ್ಷ ಅಕ್ಕ ಅಪ್ಪನ ಹರಳನ್ನು ಹುಡುಕಿದ್ದಾರೆ.

ಸಿಕ್ಕಿದ್ದರೂ ಏನು ಮಾಡುತ್ತಿದ್ದರು? ಬಿದ್ದ ಹರಳು. ಅವರದೇ ನಿಯಮ. ಅದನ್ನು ಅಳೆದು ಪ್ರಕಟಿಸುವ ಹಾಗಿಲ್ಲ, ಪ್ರಕಟಿಸುತ್ತಲೂ ಇರಲಿಲ್ಲ. ಮತ್ತೆ ಯಾಕೆ ಹುಡುಕಿದರು? ರಾತ್ರಿ ಹಗಲು ಯೋಚಿಸಿದೆ, ನನಗೆ ಗೊತ್ತಾಗಲಿಲ್ಲ. ಅಪ್ಪನ ಕಲ್ಲು ಸುಳ್ಳು ಹೇಳಿರಲಿಲ್ಲ ಅಂತ ತಾವೊಬ್ಬರೇ ಒಂದು ಸಲ ನೋಡಬೇಕು ಅಂತ ಇತ್ತೇನೋ. ಕೇಳೋಣ ಅಂದರೆ ಅವರಿಲ್ಲ. ಕೊನೆಯ ಪೊಟ್ಟಣದ ಮೇಲಿನ ತಾರೀಖು ಆಸ್ಪತ್ರೆಗೆ ಸೇರುವ ಹಿಂದಿನ ಶನಿವಾರದ್ದು. ಅಕ್ಷರ ನಡುಗಿದೆ.

ಗೀಟು ಹಾಕದ ಪೊಟ್ಟಣ ನಲವತ್ತೊಂದು ಉಳಿದಿವೆ. ಅವನ್ನು ನಾನು ನೋಡುತ್ತೇನೆ. ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡರೆ ಆ ಕೋಣೆಯಲ್ಲೇ ಕೂತು ನೋಡುತ್ತೇನೆ. ಇಲ್ಲದಿದ್ದರೆ — ಪುಟ್ಟಿ, ನಿನ್ನ ಅಂಗಡಿಯಲ್ಲಿ ಒಳ್ಳೆಯ ಮಸೂರ ಇರುತ್ತವೆ, ಒಂದು ಕೊಡು.

ಭಾವನವರೇ, ನನ್ನಿಂದ ನಿಮ್ಮ ಮನೆಗೆ ಆದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ.

ನನ್ನ ಮಾತು ಮುಗಿಯಿತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಯಾರಾದರೂ ಆ ಫ್ಯಾನ್ ಆರಿಸಿ. ಬಾಗಿಲು ಹಾಕಿ. ನಮ್ಮ ಕೋಣೆಯಲ್ಲಿ ಹರಳು ಎತ್ತುವಾಗ ನಿಲ್ಲುತ್ತಿದ್ದ ಹಾಗೆ ನಿಲ್ಲೋಣ, ಉಸಿರಿನ ಸದ್ದೂ ಬೇಡ. ಇಷ್ಟು ವರ್ಷ "ಬಿಡು" ಅಂತ ಹೇಳುತ್ತಿದ್ದವರು ಅಕ್ಕ. ಆ ಮಾತು ಹೇಳುವ ಹಕ್ಕು ನನಗಿಲ್ಲ. ಪುಟ್ಟಿ, ನೀನು ಹೇಳು. ನಿನಗೆ ಯಾವಾಗ ಹೇಳಬೇಕು ಅನ್ನಿಸುತ್ತದೋ ಆವಾಗ, "ಹೂಂ, ಬಿಡು" ಅನ್ನು. ನೀನು ಹೇಳುವವರೆಗೂ ನಾವು ಯಾರೂ ಕೂರುವುದಿಲ್ಲ.

ಹಿಡಿಯಿರಿ —